ಮೂರನೆಯ ಪೆಟ್ಟಿನ ಜಾಗ

ನನ್ನ ಬಲಗೈಯ ನಡುಬೆರಳು ತುದಿಯಲ್ಲಿ ಸೊಟ್ಟ. ನೋಡಲು ಗಂಡಿನ ಕಡೆಯವರು ಬಂದ ದಿನ ಆ ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕಾಫಿ ಕೊಟ್ಟವಳು ನಾನು. ಅದೇ ಬೆರಳು ಹಾಕಿದ ಪೆಟ್ಟು ಈಗ ನನ್ನ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಕೂತಿದೆ. ಒತ್ತಿದರೆ ಬರುತ್ತದೆ, ಮತ್ತೆ ಒತ್ತಿದರೆ ಮತ್ತೆ ಬರುತ್ತದೆ. ನನಗೆ ಸಂತೋಷ ಒಳಗೆ ಹಿಡಿಸುತ್ತಿಲ್ಲ. ಕಂಡವರಿಗೆಲ್ಲ ಹೇಳಿದೆ. ಬಾಗಿಲಿಗೆ ಮೀನು ತರುವವಳನ್ನು ನಿಲ್ಲಿಸಿ ಹೇಳಿದೆ. ಅವಳು ಬುಟ್ಟಿ ಇಳಿಸಿ ಪೂರಾ ಕೇಳಿ, ಕೊನೆಗೆ, "ಅದೆಲ್ಲ ಸಮ ಅಮ್ಮ, ಬಂಗ್ಡಿ ಬೇಕಾ ಬ್ಯಾಡ್ದಾ?" ಅಂದಳು. ಅವಳಿಗೆ ಅರ್ಥವಾಗದಿದ್ದರೆ ತಪ್ಪಲ್ಲ. ಆ ಪೆಟ್ಟು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ನಾನು ಹುಟ್ಟಿದ ಮನೆಯ ಅಡುಗೆಕೋಣೆಗೆ ಹೋಗಬೇಕು, ಅಲ್ಲಿಂದ ಹಿತ್ತಲ ಮಾಡಿನ ಕೆಳಗಿನ ಒರಳಿನ ಹತ್ತಿರ ಕೂರಬೇಕು.

ಮೊದಲು ಮೊಮ್ಮಗಳ ವಿಷಯ ಹೇಳುತ್ತೇನೆ. ದೀಕ್ಷಾ ನನ್ನ ಮಗಳ ಮಗಳು. ನಾನಿರುವುದು ಕುಂದಾಪುರದಲ್ಲಿ, ಅವರ ಜೊತೆಗೇ. ಮಹಡಿಯ ಸಣ್ಣ ಕೋಣೆಯಲ್ಲಿ ಅವಳ ಕೀಬೋರ್ಡು ಇದೆ. ಬ್ರಹ್ಮಾವರದಲ್ಲಿ ಆರ್ಕೆಸ್ಟ್ರಾ ಬಿಟ್ಟವರೊಬ್ಬರಿಂದ ತಂದದ್ದು, ಜೊತೆಗೆ ತಾಳ ಬಾರಿಸುವ ಒಂದು ಪೆಟ್ಟಿಗೆಯೂ ಬಂತು. ಹಾಡನ್ನು ಲ್ಯಾಪ್‌ಟಾಪಿಗೆ ತುಂಬಿಸುವುದು ಅವಳ ಆಸೆ. ಕೀಬೋರ್ಡಿನೊಳಗೆ ನುಡಿಸಿಟ್ಟದ್ದನ್ನೂ ತಾಳದ ಪೆಟ್ಟಿಗೆಯನ್ನೂ ಒಟ್ಟಿಗೆ ಶುರು ಮಾಡುತ್ತಾಳೆ. ಮೊದಮೊದಲು ಗಂಡ ಹೆಂಡಿರ ಹಾಗೆ ಜೊತೆಯಲ್ಲೇ ಹೋಗುತ್ತವೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ತಾಳ ಒಂದು ಹೆಜ್ಜೆ ಮುಂದೆ, ಸ್ವರ ಒಂದು ಹೆಜ್ಜೆ ಹಿಂದೆ. ನಾನು ಕೋಣೆಯ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದೆ.

"ಮತ್ತೆ ತಪ್ತಾ ಮಗಾ?"

"ತಪ್ಪುದಲ್ಲ ಅಮ್ಮಮ್ಮ. ಎರಡೂ ಸಮಾ ಇತ್ತ್. ಆರೆ ಇದ್ ಇದ್ರ ಲೆಕ್ಕದಲ್ ಹೋತ್ತ್, ಅದ್ ಅದ್ರ ಲೆಕ್ಕದಲ್ ಹೋತ್ತ್. ಒಂದ್ರದ್ ಒಂದ್ ಕೇಂತಿಲ್ಲ."

ಆಮೇಲೆ ಒಂದು ದಿನ ಪೇಟೆಯಿಂದ ಕಪ್ಪು ವಯರು ತಂದಳು. ಅದರ ತುದಿ ದುಂಡಗೆ, ಒಳಗೆ ಸಣ್ಣ ಸಣ್ಣ ಸೂಜಿಗಳು. ಮಿಡಿ ವಯರು ಅಂತೆ. ಕೀಬೋರ್ಡಿಗೂ ಪೆಟ್ಟಿಗೆಗೂ ಅದನ್ನು ಸಿಕ್ಕಿಸಿದಳು.

"ಈ ವಯರಲ್ ಪದ್ಯ ಹೋಪುದಾ?" ಎಂದು ಕೇಳಿದೆ.

"ಇಲ್ಲ ಅಮ್ಮಮ್ಮ, ಸ್ವರ ಒಂಚೂರೂ ಹೋಪುದಿಲ್ಲ. ಯಾವ ಕೀ ಒತ್ರ್, ಎಷ್ಟ್ ಜೋರ್ ಒತ್ರ್, ಎಷ್ಟೊತ್ತಿಗೆ ಬಿಟ್ರ್, ಆ ಸುದ್ದಿ ಮಾತ್ರ ಹೋಪುದ್. ಸ್ವರ ಮಾಡುದ್ ಆಚಿಬದಿಯದ್ದ್. ಮತ್ತೆ ತಾಳದ ಲೆಕ್ಕವೂ ಹೋತ್ತ್, ಗಡಿಯಾರ ಟಿಕ್ ಟಿಕ್ ಅಂದಂಗೆ."

ವಯರು ಹಾಕಿದ ಮೇಲೂ ಅವು ಹೊಂದಲಿಲ್ಲ. ದೀಕ್ಷಾ ತಾಳದ ಪೆಟ್ಟಿಗೆಯ ಗುಂಡಿಗಳನ್ನು ಒತ್ತಿ ಒತ್ತಿ ಒಳಗೊಳಗೆ ಹುಡುಕಿದಳು. ಆಮೇಲೆ ಹಣೆಗೆ ಕೈ ಹೊಡೆದುಕೊಂಡು ನಕ್ಕಳು.

"ವಯರ್ ಹಾಕ್ರೆ ಸಾಕಾತಿಲ್ಲ. ಇದ್ ಇನ್ನೂ ತನ್ನ ಲೆಕ್ಕವೇ ಹಿಡ್ಕಂಡಿತ್ತ್. ಹೊರಗಿಂದ್ ಕೇಣ್ ಅಂದೇಳಿ ಇದ್ರೊಳ್ಗೆ ಹೇಳ್ಕ್. ಯಾರಾರೂ ಒಬ್ರ್ ಲೆಕ್ಕ ಹೇಳ್ಕ್ ಅಮ್ಮಮ್ಮ, ಉಳ್ದವ್ರ್ ಕೇಣ್ಕ್."

ನನ್ನ ಕೈಯ ಬತ್ತಿ ಅಲ್ಲಿಗೇ ನಿಂತಿತು. ಒಬ್ಬರು ಲೆಕ್ಕ ಹೇಳಬೇಕು, ಉಳಿದವರು ಕೇಳಬೇಕು: ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಹೇಳಿದವರು ನನ್ನ ಅಜ್ಜಿ, ಅಪ್ಪನ ತಾಯಿ, ಒಲೆಯ ಮುಂದೆ ಕೂತುಕೊಂಡು.

ನಮ್ಮ ಮನೆ ಬಸ್ರೂರಿನ ಹತ್ತಿರ, ಹೊಳೆಬದಿಯಲ್ಲಿ. ಅಪ್ಪ, ದೊಡ್ಡಪ್ಪ ಇಬ್ಬರೂ ಬೊಂಬಾಯಿಯ ಹೋಟೆಲಿನಲ್ಲಿ. ವರ್ಷಕ್ಕೊಮ್ಮೆ ಟ್ರಂಕು ಹೊತ್ತು ಬಂದರೆ ಅವರಿಗೆ ಚಾವಡಿಯಲ್ಲಿ ಚಾಪೆ ಹಾಸಿ ನೆಂಟರ ಹಾಗೇ ಉಪಚಾರ. ಹಾಗಾಗಿ ಅದು ಹೆಂಗಸರ ಮನೆ. ಅಜ್ಜಿ, ದೊಡ್ಡಮ್ಮ, ಅಮ್ಮ, ನಾನು. ದೊಡ್ಡಮ್ಮ ಕೊಕ್ಕರ್ಣೆಯ ಕಡೆಯವರು, ಹೆಸರು ಚಿಕ್ಕು. ದೊಡ್ಡ ಮೈ, ನಿಧಾನದ ನಡಿಗೆ, ಮಾತಿಗೆ ಮೊದಲು ಒಂದು ಉಸಿರು. ಅಮ್ಮ ಗಿರಿಜಾ ಬೈಂದೂರಿನ ಕಡಲಬದಿಯವರು, ಸಪೂರ, ಮಾತೂ ಕೆಲಸವೂ ಚಟಚಟ. ಗಂಜಿಗೆ ಒಣಸಿಗಡಿಯ ಚಟ್ನಿ ಅರೆಯುವಾಗ ಅಮ್ಮನ ಕಲ್ಲು ಸದ್ದು ಮಾಡಿ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಆಗಷ್ಟೇ ಕಾಯಿ ಒಡೆದಿರುತ್ತಿದ್ದರು. ಒಂದೇ ಒಲೆ, ಎರಡು ವೇಗ. ಆದರೂ ಮನೆ ನಡೆಯುತ್ತಿತ್ತು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಾನು ಅವರ ಹೊಟ್ಟೆಗೆ ಬೆನ್ನು ಕೊಟ್ಟು ಮಲಗುತ್ತಿದ್ದೆ, ಅವರ ಬಟ್ಟಲಿನಿಂದಲೇ ಉಣ್ಣುತ್ತಿದ್ದೆ. ತಲೆ ಬಾಚುವುದು ಅಮ್ಮ, ಹೇನು ಹೆಕ್ಕುವುದು ದೊಡ್ಡಮ್ಮ. ಇದರಲ್ಲಿ ಯಾರು ಹೆತ್ತವರು ಎಂದು ನಾನು ಯೋಚಿಸಿದವಳೇ ಅಲ್ಲ.

ಯೋಚಿಸಬೇಕಾದದ್ದು ಬಾವಿಕಟ್ಟೆಯಲ್ಲಿ. ಅಮ್ಮನ ತವರಿನಿಂದ ಯಾರೋ ಬಂದಿದ್ದರು. ಅವರ ಎದುರಿಗೆ ನಾನು ಜಾರಿ ಬಿದ್ದೆ, ಮಂಡಿ ತರಚಿತು. ಅಮ್ಮ ಪಕ್ಕದಲ್ಲೇ ನಿಂತಿದ್ದರು. ನಾನು ಅವರನ್ನು ದಾಟಿ ಓಡಿ ದೊಡ್ಡಮ್ಮನ ಸೀರೆ ಹಿಡಿದು "ಅಮ್ಮಾ" ಎಂದು ಅತ್ತೆ. ಬಂದ ಹೆಂಗಸು ನಗುತ್ತ, "ಗಿರ್ಜಾ, ನೀ ಹೆತ್ತದ್ದಾ, ಅಲ್ಲ ಸಾಂಕುಕೆ ಕೊಟ್ಟದ್ದಾ?" ಎಂದು ಕೇಳಿದರು. ಅಮ್ಮ ನಗಲಿಲ್ಲ. ಕೊಡಪಾನ ಎತ್ತಿಕೊಂಡು ಒಳಗೆ ಹೋದರು. ಆ ದಿನದಿಂದ ಅವರಿಬ್ಬರಿಗೆ ಮಾತು ನಿಂತಿತು. ಜಗಳ ಅಂತ ಒಂದು ಆಗಲೇ ಇಲ್ಲ. ಆಗಿದ್ದರೆ ಮುಗಿಯುತ್ತಿತ್ತು.

ಮಾತು ನಿಂತರೂ ಅಡುಗೆ ನಿಲ್ಲಬೇಕಲ್ಲ. ಒಂದೇ ಕೋಣೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತುಕೊಂಡು ನನ್ನ ಮುಖಾಂತರ ಮಾತಾಡುತ್ತಿದ್ದರು.

"ಬೇಬಿ, ನಿನ್ ದೊಡ್ಡಮ್ಮಂಗ್ ಹೇಳ್, ಉಪ್ಪ್ ಮುಗ್ದಿತ್ತ್ ಅಂದೇಳಿ."

"ಬೇಬಿ, ನಿನ್ನಮ್ಮಂಗ್ ಹೇಳ್, ಉಪ್ಪ್ ಮಾಡಿನ್ ಕೆಳ್ಗ್ ಇತ್ತ್, ಕಣ್ಣ್ ಇದ್ದವ್ರಿಗೆ ಕಾಂತ್ತ್."

ನಾನು ಎರಡನ್ನೂ ಒಪ್ಪಿಸುತ್ತಿದ್ದೆ. ಉಪ್ಪು ಮುಗಿದಿದೆ ಎನ್ನುವಾಗ ಅಮ್ಮನ ಗಂಟಲಲ್ಲಿ ಇದ್ದದ್ದು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಸುದ್ದಿ ಮಾತ್ರ ಹೋಗುತ್ತಿತ್ತು, ಸ್ವರ ಹೋಗುತ್ತಿರಲಿಲ್ಲ. ದೀಕ್ಷಾ ಆ ಕಪ್ಪು ವಯರು ತೋರಿಸಿದಾಗ ನನಗೆ ಅದು ಹೊಸದಾಗಿ ಕಾಣಲಿಲ್ಲ.

ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು. ಅವರ ಹತ್ತಿರ ಒಂದು ಕಟ್ಟಳೆ ಇತ್ತು. ಹೊಸ ಭತ್ತ ಬಂದಾಗ ದೇವರ ಮುಂದೆ ಇಡುವ ಮೊದಲ ಅವಲಕ್ಕಿಯನ್ನು ಮನೆಯ ಸೊಸೆಯರೆಲ್ಲ ಒಂದೇ ಒರಳಿನಲ್ಲಿ ಒಟ್ಟಿಗೆ ಕುಟ್ಟಬೇಕು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಇದು ಇರಲಿಲ್ಲ, ನಮ್ಮಲ್ಲಿ ಮಾತ್ರ. ಒಬ್ಬಳ ಒನಕೆಯ ಅವಲಕ್ಕಿಯನ್ನು ದೇವರು ಮುಟ್ಟುವುದಿಲ್ಲ ಎಂದು ಅಜ್ಜಿಯ ಅತ್ತೆ ಹೇಳಿದ್ದಂತೆ. ಬಾಯಿಗೆ ಬೀಗ ಹಾಕಿಕೊಂಡ ಸೊಸೆಯರೂ ಈ ಕಟ್ಟಳೆಯನ್ನು ಮೀರುವ ಹಾಗಿರಲಿಲ್ಲ.

ಅವಲಕ್ಕಿ ಕುಟ್ಟುವುದನ್ನು ಈಗಿನವರು ಕಂಡಿರಲಿಕ್ಕಿಲ್ಲ. ನೆನೆಸಿ ಬಸಿದ ಭತ್ತವನ್ನು ಅಜ್ಜಿ ಮಣ್ಣಿನ ಓಡಿನಲ್ಲಿ ಹುರಿಯುತ್ತಿದ್ದರು. ಚಟಪಟ ಎಂದ ಕೂಡಲೇ ಬಿಸಿಬಿಸಿ ತಂದು ಒರಳಿಗೆ ಸುರಿಯಬೇಕು, ಆರುವ ಮೊದಲೇ ಕುಟ್ಟಿ ಮುಗಿಸಬೇಕು. ಆರಿದರೆ ಚಪ್ಪಟೆಯಾಗುವುದಿಲ್ಲ, ನುಚ್ಚಾಗುತ್ತದೆ. ಎದುರುಬದುರು ಇಬ್ಬರು. ಒಬ್ಬರ ಒನಕೆ ಬಿದ್ದು ಏಳುವಾಗ ಇನ್ನೊಬ್ಬರದು ಬೀಳಬೇಕು. ಎರಡೂ ಎದ್ದಿರುವ ಆ ಒಂದು ಗಳಿಗೆಯಲ್ಲಿ ಮೂರನೆಯವರ ಕೈ ಒರಳಿಗೆ ಹೋಗಿ, ಅಂಚಿಗೆ ಬಂದ ಭತ್ತವನ್ನು ನಡುವಿಗೆ ನೂಕಿ, ಹೊರಗೆ ಬರಬೇಕು. ಕೆಲವರು ಕೋಲಿನಿಂದ ನೂಕುತ್ತಾರೆ. ಕೋಲು ತಾಗಿದರೆ ಅವಲಕ್ಕಿ ತುಂಡಾಗುತ್ತದೆ ಎಂದು ನಮ್ಮಲ್ಲಿ ಕೈಯೇ ಆಗಬೇಕು. ಒರಳಿನ ಬಾಯಿ ಸಣ್ಣದು, ಆದ್ದರಿಂದ ಸಣ್ಣ ಕೈ. ಬಿಸಿ ತಾಗದಿರಲೆಂದು ಬೆರಳಿಗೆ ತೆಂಗಿನೆಣ್ಣೆ ಸವರಿ ನನ್ನನ್ನು ಕೂರಿಸುತ್ತಿದ್ದರು. ಪೆಟ್ಟು, ಪೆಟ್ಟು, ಕೈ. ಪೆಟ್ಟು, ಪೆಟ್ಟು, ಕೈ. ನನಗೆ ಅದರಲ್ಲಿ ಹೆದರಿಕೆಯೇ ಇರಲಿಲ್ಲ. ಒನಕೆ ಇಳಿಸುವಾಗ ಅಮ್ಮ "ಹುಸ್" ಎಂದು ಉಸಿರು ಬಿಡುತ್ತಿದ್ದರು, ದೊಡ್ಡಮ್ಮ "ಹೂಂ" ಎನ್ನುತ್ತಿದ್ದರು. ಆ ಉಸಿರು ಕೇಳಿಯೇ ಒಬ್ಬರು ಇನ್ನೊಬ್ಬರಿಗೆ ಕಾಯುವುದು, ಅದನ್ನು ಕೇಳಿಯೇ ನಾನು ಕೈ ಹಾಕುವುದು.

ಆ ವರ್ಷ ಇಬ್ಬರೂ ತುಟಿ ಬಿಗಿದು ನಿಂತರು. ಅಮ್ಮನ "ಹುಸ್" ಇಲ್ಲ, ದೊಡ್ಡಮ್ಮನ "ಹೂಂ" ಇಲ್ಲ. ಉಸಿರನ್ನು ಕೂಡ ಎದುರಿನವರಿಗೆ ಕೇಳಿಸಬಾರದೆಂಬ ಹಟ. ಶುರುವಿಗೆ ಹೊಂದಿಕೆಯಾಗಿಯೇ ಇತ್ತು. ಅಮ್ಮ ತನ್ನ ವೇಗಕ್ಕೆ ಏರಿದರು, ದೊಡ್ಡಮ್ಮ ತನ್ನ ನಿಧಾನಕ್ಕೆ ಇಳಿದರು. ಇಬ್ಬರೂ ಒರಳನ್ನು ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಎಂದಿನ ಹಾಗೆ ಕೈ ಹಾಕಿದೆ. ಆ ಜಾಗ ಅಲ್ಲಿರಲಿಲ್ಲ.

ಕೂಗಿದ್ದು ನೆನಪಿಲ್ಲ. ಅಜ್ಜಿ ಅರಶಿನ ಒತ್ತಿದ್ದು, ಬಟ್ಟೆ ಕೆಂಪಾದದ್ದು ನೆನಪಿದೆ. ಅದಕ್ಕಿಂತ ಹೆಚ್ಚು ನೆನಪಿರುವುದು ಅವರಿಬ್ಬರ ಮಾತು. ಅಷ್ಟು ದಿನಗಳ ಮೇಲೆ ಅವರು ನೇರ ಆಡಿದ ಮೊದಲ ಮಾತು ಅದು.

"ನನ್ ಒನ್ಕಿ ಅಕ್ಕ. ನಂದೇ ಬಿದ್ದದ್ದ್."

"ಸುಮ್ನಿರ್. ನಿಂದ್ ಮೇಲಿತ್ತ್. ನಂದೇ."

"ನಾ ಕಂಡಿದೆ, ನಂದ್."

"ಹೆತ್ತವ್ಳ್ ಹೊಡಿತ್ಲಾ ಹೆಣೆ? ನಂದ್ ಅಂದೆ ಅಲ್ದಾ."

ಆ ಕೊನೆಯ ಮಾತು ದೊಡ್ಡಮ್ಮನದು. ಅಮ್ಮನ ಮುಖ ಬೆಳ್ಳಗಾಯಿತು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದರಲ್ಲೂ ಇಬ್ಬರಿಗೆ ಪಾಲು ಹೊಂದಲಿಲ್ಲ. ಒರಳಿನಲ್ಲಿದ್ದ ಭತ್ತ ಆರಿತು. ಅಜ್ಜಿ ಅದನ್ನು ಗೆರಸಿಗೆ ಬಾಚಿ ಕೋಳಿಗೆ ಹಾಕಿದರು. ದೇವರಿಗೆ ಆ ದಿನ ಅವಲಕ್ಕಿ ಇಲ್ಲ.

ಬೆರಳಿನ ಗಾಯ ಒಣಗುತ್ತ ಬಂತು, ಮನೆ ಒಡೆಯುತ್ತ ಬಂತು. ಒಂದು ಬೆಳಿಗ್ಗೆ ಅಮ್ಮ ಹೊಳೆದಂಡೆಯಿಂದ ಜೇಡಿಮಣ್ಣು ತಂದು ಹಿಂದಿನ ಜಗಲಿಯ ಮೂಲೆಯಲ್ಲಿ ರಾಶಿ ಹಾಕಿದರು. ಬೇರೆ ಒಲೆ ಕಟ್ಟುವುದಕ್ಕೆ. ನೋಡಿದ ಯಾರಿಗೂ ತಿಳಿಯುತ್ತಿತ್ತು. ಎರಡು ಒಲೆಯಾದರೆ ನಾನು ಯಾವ ಒಲೆಯ ಗಂಜಿ ಉಣ್ಣಬೇಕು? ಯಾರ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಬೇಕು? ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನು ಆ ಮಣ್ಣಿನ ಪಕ್ಕ ಕೂತು ಅದು ಒಣಗದಿರಲೆಂದೋ, ಒಣಗಿ ಹೋಗಲೆಂದೋ ಗೊತ್ತಿಲ್ಲದೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಅಜ್ಜಿ ಮತ್ತೆ ಭತ್ತ ನೆನೆಸಿದರು. ದೇವರ ಪಾಲು ಬಾಕಿ ಇಟ್ಟುಕೊಂಡು ಒಲೆ ಬೇರೆ ಮಾಡಲಿಕ್ಕಿಲ್ಲ, ಅದೊಂದು ಮುಗಿಸಿ ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಸೊಸೆಯರಿಬ್ಬರೂ ಒನಕೆ ಹಿಡಿದು ನಿಂತರು. ಕೈಯಾಡಿಸಲು ಅಜ್ಜಿ ಒಂದು ಕೋಲು ಸಿದ್ಧ ಮಾಡಿ ಇಟ್ಟಿದ್ದರು. ಕಟ್ಟಳೆ ಹೋದರೆ ಹೋಗಲಿ, ಮಗುವಿನ ಕೈ ಬೇಡ ಎಂದು. ನಾನು ಹೋಗಿ ಒರಳಿನ ಹತ್ತಿರ ಕೂತೆ. ಯಾಕೆ ಹೋದೆ ಎಂದು ಈಗಲೂ ನನಗೆ ನೆಟ್ಟಗೆ ಹೇಳಲು ಬಾರದು. ಕೋಲು ಬಂದರೆ ಅಲ್ಲಿ ನನಗೆ ಜಾಗ ಇರುವುದಿಲ್ಲ ಎಂಬುದಷ್ಟೇ ಗೊತ್ತಿತ್ತು. ಬಲಗೈಯಲ್ಲಿ ಬಟ್ಟೆ ಸುತ್ತಿತ್ತು. ಎಡಗೈ ಚಾಚಿ, "ಎಣ್ಣಿ ಹಾಕ್" ಎಂದು ದೊಡ್ಡಮ್ಮನಿಗೆ ಹೇಳಿದೆ.

"ಬ್ಯಾಡ ಮಗಾ, ಏಳ್," ಎಂದರು ಅಮ್ಮ.

"ಏಳ್ ಅಂಬ್ರಲ್ಲ, ಏಳ್ ಮಗಾ," ಎಂದರು ದೊಡ್ಡಮ್ಮ.

ನಾನು ಏಳಲಿಲ್ಲ. ಅಜ್ಜಿ ಓಡಿನಲ್ಲಿ ಭತ್ತ ಕಲಕುತ್ತಲೇ, ತಲೆ ಎತ್ತದೆ ಹೇಳಿದರು:

"ಹಂಗಾರೆ ಲೆಕ್ಕ ಅವ್ಳೇ ಹೇಳ್ಲಿ. ಒರಳಲ್ ಕೈ ಇಪ್ಪುದ್ ಯಾರದ್ದ್? ಅವ್ಳದ್ದ್. ಕೈ ಇಟ್ಟವ್ಳ್ ಲೆಕ್ಕ ಹೇಳ್ಕ್, ಒನ್ಕಿ ಹಿಡ್ದವ್ರ್ ಕೇಣ್ಕ್. ನಿಮ್ ನಿಮ್ ಲೆಕ್ಕ ನಿಮ್ ನಿಮ್ ತಲಿಯೊಳ್ಗ್ ಇಟ್ಕಣಿ."

"ಎಂತ ಹೇಳುದ್ ಅಜ್ಜಿ?" ಎಂದು ಕೇಳಿದೆ.

"ಯಾರ್ ಕುಟ್ಕ್ ಅಂದೇಳಿ ಹೇಳ್. ನೀ ಕರ್ದವ್ರ್ ಕುಟ್ಲಿ. ಕರೀದೆ ಇದ್ರೆ ಒನ್ಕಿ ಮೇಲೇ ಇರ್ಲಿ, ಕೈ ಸೋತ್ರೂ ಅಡ್ಡಿಲ್ಲ."

ಬಿಸಿ ಭತ್ತ ಒರಳಿಗೆ ಬಿತ್ತು. ಎರಡು ಒನಕೆಗಳೂ ಎತ್ತಿ ನಿಂತವು. ನನ್ನ ಬಾಯಿಗೆ ಬಂದದ್ದು ನಾನು ದಿನವೂ ಕರೆಯುವ ಹೆಸರುಗಳೇ. "ಅಮ್ಮ" ಎಂದೆ. ಅಮ್ಮನ ಒನಕೆ ಬಿತ್ತು. "ದೊಡ್ಡಮ್ಮ" ಎಂದೆ. ದೊಡ್ಡಮ್ಮನದು ಬಿತ್ತು. "ನಾ" ಎಂದು ಕೈ ಹಾಕಿ, ನೂಕಿ, ತೆಗೆದೆ. ನೆತ್ತಿಯ ಮೇಲೆ ಎರಡು ಒನಕೆಗಳು ಸುಮ್ಮನೆ ನಿಂತಿದ್ದವು. ಅಮ್ಮ, ದೊಡ್ಡಮ್ಮ, ನಾ. ಅಮ್ಮ, ದೊಡ್ಡಮ್ಮ, ನಾ. ಅಮ್ಮನ ತೋಳು ನಡುಗುತ್ತಿತ್ತು, ಬೇಗ ಬೀಳಬೇಕೆಂಬ ತೋಳದು, ಕಾದು ಕಾದು ನಡುಗುತ್ತಿತ್ತು. ದೊಡ್ಡಮ್ಮನ ಹಣೆಯಿಂದ ಬೆವರು ಒರಳಿನ ಅಂಚಿಗೆ ಹನಿಯುತ್ತಿತ್ತು, ಅಭ್ಯಾಸವಿಲ್ಲದ ವೇಗಕ್ಕೆ. ಇಬ್ಬರೂ ಒರಳನ್ನು ನೋಡುತ್ತಿರಲಿಲ್ಲ. ನನ್ನ ಬಾಯನ್ನು ನೋಡುತ್ತಿದ್ದರು. ಅಮ್ಮ ಎಂದು ನಾನು ಕರೆದಾಗಲೆಲ್ಲ ಅಮ್ಮ ಓಗೊಡುತ್ತಿದ್ದರು, ಒನಕೆಯಿಂದ. ಬಾವಿಕಟ್ಟೆಯಲ್ಲಿ ತಪ್ಪಿಹೋದ ಆ ಒಂದು ಕರೆಗೆ ಆ ದಿನ ಎಷ್ಟು ಸಲ ಉತ್ತರ ಬಂತೋ, ಲೆಕ್ಕ ಇಟ್ಟವರಿಲ್ಲ. ಭತ್ತ ಚಪ್ಪಟೆಯಾಗುತ್ತ ಬಂದ ಹಾಗೆ, ಯಾವಾಗ ಶುರುವಾಯಿತೋ ತಿಳಿಯಲಿಲ್ಲ, "ಹುಸ್" ಎಂದು ಒಂದು ಉಸಿರು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ "ಹೂಂ."

ಅವರಿಬ್ಬರೂ ಆಮೇಲೆ ಅಕ್ಕತಂಗಿಯರ ಹಾಗೆ ಆದರು ಎಂದು ಬರೆದರೆ ಸುಳ್ಳಾಗುತ್ತದೆ. ಆಗಲಿಲ್ಲ. ಕಡೆಯವರೆಗೂ ಒಬ್ಬರ ಸಾರು ಒಬ್ಬರಿಗೆ ಸಪ್ಪೆಯೇ, ಖಾರವೇ. ಆದರೆ ಮಾತು ನೇರ ಬಂತು, ನನ್ನ ಮುಖಾಂತರ ಅಲ್ಲ. ಜಗಲಿಯ ಮೂಲೆಯ ಮಣ್ಣು ಕೆಲವು ದಿನ ಹಾಗೇ ಇತ್ತು. ಹಬ್ಬದ ಮುಂಚೆ ದೊಡ್ಡಮ್ಮ ಅದಕ್ಕೆ ನೀರು ಹಾಕಿ ತುಳಿದರು, ಅಮ್ಮ ಉಂಡೆ ಮಾಡಿ ಕೊಟ್ಟರು, ಇಬ್ಬರೂ ಸೇರಿ ಬಿರುಕು ಬಿಟ್ಟಿದ್ದ ಹಳೆಯ ಒಲೆಗೇ ಮೆತ್ತಿದರು. ನಾನು ಆ ಒಲೆಯ ಗಂಜಿ ಉಂಡೇ ಮದುವೆಯಾಗಿ ಹೋದೆ. ಅಮ್ಮ ಹೋದರು, ದೊಡ್ಡಮ್ಮ ಹೋದರು. ಒರಳನ್ನು ಯಾರೋ ಕೊಂಡುಹೋಗಿ ತುಳಸಿ ನೆಟ್ಟರಂತೆ. ನೆಡಲಿ. ಆ ಸದ್ದು ಮಾತ್ರ ಮತ್ತೆ ನನ್ನ ಕಿವಿಗೆ ಬೀಳುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಇದನ್ನೆಲ್ಲ ಮಹಡಿಯ ಕೋಣೆಯಲ್ಲಿ ದೀಕ್ಷಾಳಿಗೆ ಹೇಳಿದೆನೇ ಎಂದರೆ, ಇಲ್ಲ. ಅವಲಕ್ಕಿ ಕುಟ್ಟುವಾಗ ಹೀಗೊಂದು ತಾಳ ಇತ್ತು ಮಗಾ, ಎಂದೆ ಅಷ್ಟೆ. ಅವಳು ನನ್ನ ಕೈ ಹಿಡಿದು ಕೀಬೋರ್ಡಿನ ಮುಂದೆ ಕೂರಿಸಿದಳು. ಮರದ ಸದ್ದಿನ ಹಾಗೆ ಬರುವ ಎರಡು ಕೀ ತೋರಿಸಿಕೊಟ್ಟಳು.

"ಒತ್ತ್ ಅಮ್ಮಮ್ಮ. ನಿನ್ ವೇಗಕ್ಕೇ ಒತ್ತ್. ರೆಕಾರ್ಡ್ ಆತಿತ್ತ್. ಈಗ ನೀನೇ ಲೆಕ್ಕ ಹೇಳುದ್, ಇವೆಲ್ಲ ನಿಂದ್ ಕೇಂಬುದ್."

ಸೊಟ್ಟ ಬೆರಳನ್ನೇ ಇಟ್ಟೆ. ಒಂದು ಕೀ ಅಮ್ಮ, ಸ್ವಲ್ಪ ದಪ್ಪ ಸದ್ದಿನದು ದೊಡ್ಡಮ್ಮ. ಬಾಯೊಳಗೆ ಹೆಸರು ಹೇಳಿಕೊಳ್ಳುತ್ತ ಒತ್ತಿದೆ. ಹೆಸರು ಆ ವಯರಿನಲ್ಲಿ ಹೋಗಲಿಲ್ಲ, ಪೆಟ್ಟು ಹೋಯಿತು. ಲ್ಯಾಪ್‌ಟಾಪಿನ ಮೇಲೆ ಸಣ್ಣ ಸಣ್ಣ ಹಸಿರು ಗೆರೆಗಳು ಎರಡೆರಡಾಗಿ ಬಿದ್ದವು. ದೀಕ್ಷಾ ನೋಡಿ, "ಮೂರನೇದ್ ಬಿಟ್ಟ್ ಬಿಟ್ಟ್ ಹೋಯ್ತಲೆ ಅಮ್ಮಮ್ಮ. ಇರ್ಲಿ, ನಾ ತುಂಬುಸ್ತೆ," ಎಂದು ಖಾಲಿ ಇದ್ದಲ್ಲೆಲ್ಲ ತಾಳದ ಪೆಟ್ಟಿಗೆಯಿಂದ ಒಂದು ದೊಡ್ಡ ಪೆಟ್ಟು ಇಟ್ಟಳು. ನನ್ನ ವೇಗವನ್ನೇ ಲ್ಯಾಪ್‌ಟಾಪಿಗೆ ಕೊಟ್ಟು, ಉಳಿದ ಎರಡಕ್ಕೂ ಅದನ್ನೇ ಕೇಳಲು ಹೇಳಿ, ಶುರು ಮಾಡಿದಳು. ಅಮ್ಮ. ದೊಡ್ಡಮ್ಮ. ಮೂರನೆಯದು ದಡ್ಡೆಂದು ಬಿದ್ದದ್ದೇ ನನ್ನ ಕೈ ತಾನಾಗಿ ಹಾರಿ ಎದೆಗೆ ಬಂತು. ಬೆರಳು ಮುಷ್ಟಿಯೊಳಗೆ ಅಡಗಿತ್ತು. ನಾನು ಹೇಳಿ ಮಾಡಿದ್ದಲ್ಲ ಅದು.

ದೀಕ್ಷಾ ನಿಲ್ಲಿಸಿದಳು. "ಎಂತ ಆಯ್ತ್ ಅಮ್ಮಮ್ಮ?"

"ಅಲ್ಲ್ ಹೊಡಿಬ್ಯಾಡ ಮಗಾ," ಎಂದೆ. "ಅಲ್ಲ್ ಕೈ ಇತ್ತ್."

ಅವಳು ನನ್ನ ಮುಷ್ಟಿಯನ್ನು ಬಿಡಿಸಿ ಆ ಬೆರಳನ್ನು ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಬೆರಳೇ. ತಿರುಗಿ ಕೂತು, ತಾನು ತುಂಬಿಸಿದ ಪೆಟ್ಟುಗಳನ್ನು ಒಂದೊಂದಾಗಿ ಅಳಿಸಿದಳು. ಮತ್ತೆ ಶುರು ಮಾಡಿದಳು. ತಾಳದ ಪೆಟ್ಟಿಗೆ, ಕೀಬೋರ್ಡು, ಲ್ಯಾಪ್‌ಟಾಪು ಎಲ್ಲವೂ ಒಂದೇ ಲೆಕ್ಕದಲ್ಲಿ ಬಂದವು. ಅಮ್ಮ ಬಿದ್ದರು, ದೊಡ್ಡಮ್ಮ ಬಿದ್ದರು. ಆ ಜಾಗ ಬಂದಾಗ ಎಲ್ಲವೂ ಎತ್ತಿ ನಿಂತವು. ನಾನು ಸೊಟ್ಟ ಬೆರಳಿನ ಕೈಯನ್ನು ಮೇಜಿನ ಮೇಲೆ ಮುಂದಕ್ಕೆ ಚಾಚಿದೆ.

ಏನೂ ಬೀಳಲಿಲ್ಲ.